ನೋಡಿಸಿಕೊಳ್ಳುವವರು ನೋಡಲು ಹೋದದ್ದು

ಮರವಂತೆಯವರಿಗೆ ನೋಡುವುದಕ್ಕೆಂದು ಎಲ್ಲಿಗೂ ಹೋಗಿ ಅಭ್ಯಾಸವಿಲ್ಲ. ನಮ್ಮನ್ನೇ ನೋಡಲು ಜನ ಬರುತ್ತಾರೆ. ಕುಂದಾಪುರ ದಾಟಿ ತ್ರಾಸಿ ಕಳೆದು ಹೆದ್ದಾರಿ ನಮ್ಮೂರಿಗೆ ಬಂತೋ, ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಟಾರು. ಮುಂಬೈಯಿಂದ ಬಂದ ಕಾರು ಇಲ್ಲಿ ನಿಲ್ಲದೆ ಹೋದದ್ದಿಲ್ಲ. ಬಸ್ಸಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕತ್ತು ತಿರುಗಿಸಿ, ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯಲು ಹೋಗಿ ಕಿಟಕಿಯ ಸರಳನ್ನು ಹಿಡಿದುಕೊಂಡು ಹೋಗುತ್ತಾರೆ. ಬಲೆ ಬಿಡಿಸುತ್ತ ಕೂತಿದ್ದ ನಮ್ಮ ಮಾವನಿಗೆ ಒಬ್ಬ ಪ್ರವಾಸಿ, ಇನ್ನೂ ಸ್ವಲ್ಪ ಬಗ್ಗಿ ಎಂದು ಕೈಸನ್ನೆ ಮಾಡಿದ್ದನಂತೆ. ಮಾವ ಬಗ್ಗಿದರು. ದೂರದ ಊರಿನ ಯಾವುದೋ ಗೋಡೆಯಲ್ಲಿ ಈಗ ಅವರು ಚೌಕಟ್ಟಿನೊಳಗೆ ಬಗ್ಗಿಯೇ ಇರಬಹುದು. ಹೀಗೆ ಪ್ರದರ್ಶನದ ವಸ್ತುವಾಗಿಯೇ ಬೆಳೆದವರಿಗೆ ಇನ್ನೊಂದು ಪ್ರದರ್ಶನಕ್ಕೆ ಚೀಟಿ ತೆಗೆದುಕೊಂಡು ಹೋಗುವುದೆಂದರೆ ಸ್ವಲ್ಪ ಸಂಕೋಚ.

ನೋಡುವ ವಿಷಯದಲ್ಲಿ ನಮ್ಮದು ಇನ್ನೊಂದು ತೊಡಕು. ಹೊಳೆಯ ಬದಿಗೆ ಮಹಾರಾಜಸ್ವಾಮಿ ವರಾಹ ದೇವಸ್ಥಾನವಿದೆ. ಒಂದೇ ಗರ್ಭಗುಡಿಯಲ್ಲಿ ವರಾಹ, ವಿಷ್ಣು, ನರಸಿಂಹ. ಕರ್ಕಾಟಕ ಅಮಾವಾಸ್ಯೆಗೆ ಜನ ಕಡಲಲ್ಲಿ ಮುಳುಗಿ, ರಸ್ತೆ ದಾಟಿ ಹೊಳೆಯಲ್ಲೂ ಮುಳುಗಿ, ಒದ್ದೆ ಬಟ್ಟೆಯಲ್ಲಿ ಸಾಲು ನಿಲ್ಲುತ್ತಾರೆ. ಹುಟ್ಟಿದಾರಭ್ಯ ಆ ಸಾಲಿನಲ್ಲಿ ನಿಂತ ನನ್ನ ಚಿಕ್ಕಮ್ಮನನ್ನು, ನರಸಿಂಹ ಯಾವ ಕೈಯಲ್ಲಿ ಏನು ಹಿಡಿದಿದ್ದಾನೆ ಎಂದು ಕೇಳಿ ನೋಡಿ. ಹೇಳಲಾರಳು. ದೀಪ ಎತ್ತಿ ಭಟ್ಟರು ಮುಖದ ಹತ್ತಿರ ತರುವ ಸರಿಯಾದ ಹೊತ್ತಿಗೆ ಆಕೆ ಕಣ್ಣು ಮುಚ್ಚುತ್ತಾಳೆ. ದರ್ಶನವೆಂಬುದು ನಮ್ಮಲ್ಲಿ ಬಹುಪಾಲು ಕಣ್ಣು ಮುಚ್ಚಿ ಮಾಡುವ ಕೆಲಸ.

ಇಂಥ ಚಿಕ್ಕಮ್ಮನಿಗೆ ಶಿಲ್ಪಕಲೆಯ ಹುಚ್ಚು ಹಿಡಿಸಿದವನು ಅಕ್ಕನ ಮಗ. ಓದಲೆಂದು ಇಟಲಿಗೆ ಹೋದವನು ರಜೆಯಲ್ಲಿ ರೋಮಿನ ಬೋರ್ಗೀಸೆ ಗ್ಯಾಲರಿಗೆ ಹೋಗಿ, ಅಲ್ಲಿಂದ ಮನೆಯ ವಾಟ್ಸಾಪ್ ಗುಂಪಿಗೆ ಅಮೃತಶಿಲೆಯ ದೇವದೇವತೆಯರನ್ನು ಸಾಲಾಗಿ ಕಳಿಸಿದ. ಯಾರ ಮೈಮೇಲೂ ನೂಲೆಳೆಯಿಲ್ಲ. ಗುಂಪಿನಲ್ಲಿ ದೊಡ್ಡ ಮೌನ. ಸುಪ್ರಭಾತದ ಚಿತ್ರಗಳೂ ಬರುವುದು ನಿಂತವು. ಕೊನೆಗೆ ಚಿಕ್ಕಮ್ಮ ಧ್ವನಿಸಂದೇಶ ಹಾಕಿದಳು: “ಅವ್ನ್ ಮೈ ಮೇಲ್ ಒಂದ್ ಪಂಚಿ ಹಾಕುಕೂ ಜನ ಇಲ್ಯಾ ಆ ಊರಂಗೆ?”

ಹುಡುಗ ಉತ್ಸಾಹದಿಂದ ಇತಿಹಾಸ ಬಿಚ್ಚಿದ. ಕಾರ್ಡಿನಲ್ ಶಿಪಿಯೋನೆ ಬೋರ್ಗೀಸೆ ಎಂಬ ಮಹಾಶಯ ಹದಿನೇಳನೇ ಶತಮಾನದಲ್ಲಿ ಕೂಡಿಹಾಕಿದ ಸಂಗ್ರಹ ಅದು. ಈಗ ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು, ಎರಡು ಗಂಟೆ ಮುಗಿದೊಡನೆ ಹೊರಗೆ ಕಳಿಸುತ್ತಾರೆ. ಹಳೆಯ ರೋಮನ್ ಶಿಲ್ಪಗಳಲ್ಲಿ ದೊಡ್ಡ ಪಾಲು ಅಲ್ಲಿಲ್ಲ, ಪ್ಯಾರಿಸ್ಸಿನಲ್ಲಿವೆ. ಏಕೆಂದರೆ ಮನೆತನದ ಕಮಿಲ್ಲೋ ಎಂಬವನು 1803ರಲ್ಲಿ ನೆಪೋಲಿಯನ್ನನ ತಂಗಿ ಪೌಲೀನಳನ್ನು ಮದುವೆಯಾದ, 1807ರಲ್ಲಿ ಶಿಲ್ಪಗಳನ್ನು ಆ ಭಾವನಿಗೇ ಮಾರಿದ. ಚಿಕ್ಕಮ್ಮನಿಗೆ ಇಡೀ ಕಲಾಚರಿತ್ರೆಯಲ್ಲಿ ತಟ್ಟನೆ ಅರ್ಥವಾದದ್ದು ಇದೊಂದು. ಹೆಂಡತಿಯ ಅಣ್ಣ ಚಕ್ರವರ್ತಿಯಾಗಿದ್ದು, ಮನೆಗೆ ಬಂದು “ಇದು ಚಂದವಿದೆ” ಎಂದರೆ ಯಾವ ಗಂಡಸು ಕೊಡದೆ ಉಳಿದಾನು? ಭಾವನೊಡನೆ ಚೌಕಾಶಿಯಾದರೂ ಮಾಡಲು ಬರುತ್ತದೆಯೇ?

ನನಗೆ ಹಿಡಿಸಿದ್ದು ಬೇರೊಂದು ಚಿತ್ರ. ಕಾರವಾಜ್ಜೋ 1605-06ರಲ್ಲಿ ಸಂತ ಪೀಟರನ ಮಹಾದೇವಾಲಯದ ಒಂದು ಪೀಠಕ್ಕೆಂದು ಬರೆದುಕೊಟ್ಟ ಮೇರಿ, ಬಾಲಯೇಸು ಮತ್ತು ಅಜ್ಜಿ ಆ್ಯನಳ ಚಿತ್ರ. ಮೇರಿ ಬೀದಿಯ ಹೆಂಗಸಿನಂತೆ ಸೆರಗು ಎತ್ತಿ ಕಟ್ಟಿದ್ದಾಳೆ, ಅಜ್ಜಿಯ ಮುಖದ ತುಂಬ ಸುಕ್ಕು, ಮಗು ಬರಿಮೈ, ತಾಯಿಯ ಪಾದದ ಮೇಲೆ ತನ್ನ ಪಾದವಿಟ್ಟು ಹಾವು ತುಳಿಯುತ್ತಿದೆ. ಚಿತ್ರ ಪೀಠದಲ್ಲಿದ್ದದ್ದು ಕೆಲವೇ ದಿನ. ಇಳಿಸಿದರು. ಕಾರ್ಡಿನಲ್ ಬೋರ್ಗೀಸೆ ಕಾದಿದ್ದವನ ಹಾಗೆ ಕೊಂಡುಕೊಂಡ. ಗುಡಿಯಲ್ಲಿ ಸಲ್ಲದ್ದು ಸಂಗ್ರಹಾಲಯದಲ್ಲಿ ಸಂದಿತು. ಅಲ್ಲಿ ಯಾರೂ ಅದರ ಎದುರು ಮೊಣಕಾಲೂರುವುದಿಲ್ಲವಾದ್ದರಿಂದ ಸುಕ್ಕು ಯಾರ ಭಕ್ತಿಗೂ ಅಡ್ಡ ಬರುವುದಿಲ್ಲ.

ಅದೇ ಮನೆಯಲ್ಲಿ ಬೆರ್ನೀನಿಯ ಅಪೋಲೋ ಮತ್ತು ದಾಫ್ನೆ ಇದೆ. ಬೆನ್ನಟ್ಟಿ ಬಂದವನ ಕೈ ಸೋಕುತ್ತಿದ್ದಂತೆ ಹುಡುಗಿ ಮರವಾಗುವುದು. ಬೆರಳ ತುದಿಯಲ್ಲಿ ಕಲ್ಲಿನ ಎಲೆ ಚಿಗುರುವುದು. 1622ರಿಂದ 1625ರವರೆಗೆ ಕೆತ್ತಿದ. ಆ ಶಿಲ್ಪ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲೇ ರೋಮಿನವನೇ ಒಬ್ಬ ನಮ್ಮ ಬಸ್ರೂರಿನಲ್ಲಿದ್ದ. ಪಿಯೆತ್ರೊ ದೆಲ್ಲಾ ವಾಲ್ಲೆ. ಪೋರ್ಚುಗೀಸರ ರಾಯಭಾರಿಯ ಜೊತೆಗೂಡಿ 1623ರಲ್ಲಿ ಗೋವೆಯಿಂದ ಹೊನ್ನಾವರ, ಗೇರುಸೊಪ್ಪೆ ಹಾದು ಇಕ್ಕೇರಿಗೆ ವೆಂಕಟಪ್ಪ ನಾಯಕನಲ್ಲಿಗೆ ಹೋಗಿ, ಘಟ್ಟ ಇಳಿದು ಬಸ್ರೂರಿಗೆ, ಅಲ್ಲಿಂದ ಮಂಗಳೂರಿಗೆ ಹೋದವನು. ಅಘೋರೇಶ್ವರನ ಗುಡಿ ನೋಡಿದ, ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿದ, ಕದ್ರಿಗುಡ್ಡ ಹತ್ತಿ ಜೋಗಿಗಳ ಅರಸನನ್ನೂ ಕಂಡ. ಕಂಡದ್ದನ್ನೆಲ್ಲ ಕಾಗದಕ್ಕಿಳಿಸಿದ. ಆತನ ಹೆಂಡತಿ ಪರ್ಶಿಯಾದಲ್ಲಿ ತೀರಿಕೊಂಡಿದ್ದಳು. ದೇಹಕ್ಕೆ ಮಸಾಲೆ ಹಾಕಿಸಿ ಪೆಟ್ಟಿಗೆಯಲ್ಲಿಟ್ಟು ದೇಶದಿಂದ ದೇಶಕ್ಕೆ ಸಾಗಿಸುತ್ತಿದ್ದ, ಭಾರತಕ್ಕೂ ತಂದಿದ್ದ. ಕೊನೆಗೆ 1627ರಲ್ಲಿ ರೋಮಿನ ಅರಾಚೇಲಿ ಇಗರ್ಜಿಯಲ್ಲಿ ಮಣ್ಣು ಮಾಡಿದ. ಪಕ್ಕದಲ್ಲೇ ಕ್ಯಾಪಿಟೋಲಿನ್ ಸಂಗ್ರಹಾಲಯ. ಹೀಗಾಗಿ ರೋಮು ನಮಗೆ ಪೂರ್ತಿ ಪರಸ್ಥಳವೇನಲ್ಲ, ನಾನೂರು ವರ್ಷದ ಹಿಂದೆಯೇ ಒಬ್ಬರು ಬಂದು ನಮ್ಮನ್ನು ನೋಡಿ ಹೋಗಿದ್ದಾರೆ. ನಾವು ಆಗಲೂ ನೋಡಿಸಿಕೊಂಡವರೇ.

“ಹಂಗಾರೆ ನಾವೂ ಒಂದ್ ಸಲ ಕಂಡ್ ಬಪ್ಪ” ಎಂದಳು ಚಿಕ್ಕಮ್ಮ. ರೋಮಿಗಲ್ಲ, ಮಂಗಳೂರಿಗೆ. ಅವಳ ಪ್ರಪಂಚದಲ್ಲಿ ಮಂಗಳೂರಿನಲ್ಲಿ ಸಿಗದ್ದು ಬೇರೆಲ್ಲೂ ಸಿಗುವುದಿಲ್ಲ. ಆಸ್ಪತ್ರೆಯಾಗಲಿ, ಸೀರೆಯಾಗಲಿ, ಶಿಲ್ಪವಾಗಲಿ. ಅದು ಪೂರ್ತಿ ಸುಳ್ಳೂ ಅಲ್ಲ.

ಮೊದಲು ಹೋದದ್ದು ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯಕ್ಕೆ. ಹೆಸರಾಂತ ಶಸ್ತ್ರವೈದ್ಯ ಕರ್ನಲ್ ಮಿರಾಜ್‌ಕರ್ ತಾಯಿಯ ನೆನಪಿಗೆಂದು ಬಿಟ್ಟುಕೊಟ್ಟ ಮನೆ. 1960ರಲ್ಲಿ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಕಟ್ಟಡ ಹಡಗಿನ ಆಕಾರದ್ದು. ಮರವಂತೆಯವಳಾದ್ದರಿಂದ ಚಿಕ್ಕಮ್ಮ ಒಳಗೆ ಹೋಗುವ ಮೊದಲು ಹೊರಗಿನಿಂದಲೇ ಒಂದು ಸುತ್ತು ಬಂದು ಹಡಗನ್ನು ಪರೀಕ್ಷಿಸಿದಳು. ಅಭಿಪ್ರಾಯ ಹೇಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಕಳಚಿದಳು. ಬೇಡ, ಹಾಕಿಕೊಂಡೇ ಬನ್ನಿ ಎಂದರು ಅಲ್ಲಿದ್ದವರು. ಒಳಗೆ ದೇವರಿರುವುದು ಕಾಣುತ್ತಲೇ ಇದೆ, ಹಾಕಿಕೊಂಡು ಹೋಗುವುದು ಹೇಗೆ? ಹೊರಗೆ ಬಿಟ್ಟರೆ ಕಳ್ಳರ ಭಯ. ಕೊನೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ಇಡೀ ಸಂಗ್ರಹಾಲಯ ನೋಡಿದಳು. ಚಪ್ಪಲಿಯನ್ನು ದೇವರಿಗಿಂತ ಎತ್ತರದಲ್ಲಿ ಹಿಡಿದುಕೊಂಡಿದ್ದಾಳೆ ಎಂಬುದನ್ನು ನಾನು ಎತ್ತಿ ಆಡಲಿಲ್ಲ. ಭಕ್ತಿಯಲ್ಲಿ ಜ್ಯಾಮಿತಿ ಹಿಡಿದು ಜಗಳಕ್ಕೆ ಹೋಗಬಾರದು.

ಸಂಗ್ರಹಾಲಯದ ಚೀಟಿಗಳಿಗೆ ಲೋಕದಲ್ಲೆಲ್ಲ ಒಂದೇ ಒಕ್ಕಣೆ. ಹೆಸರು, ಕಲ್ಲು, ಶತಮಾನ. ಚಿಕ್ಕಮ್ಮನ ಪ್ರಶ್ನೆಗಳು ಬೇರೆ. “ಇದ್ ಎಲ್ಲಿಂದ್ ತಂದದ್? ಅಲ್ಲೀಗ ಯಾರ್ ಪೂಜಿ ಮಾಡ್ತ್ರ್?” ಒಂದು ಮೂಗು ಮುಕ್ಕಾದ ವಿಗ್ರಹದ ಎದುರು ಬಹಳ ಹೊತ್ತು ನಿಂತು, “ಮೂಗ್ ಹೋದ್ ದೇವ್ರನ್ ಕಾಂಬುಕೆ ಇಷ್ಟ್ ದೂರ ಬರ್ಕಾ ಮಗಾ? ನಮ್ ಬಸ್ರೂರ್ ಬದಿಯಂಗೆ ಬೇಕಾದಷ್ಟ್ ಇತ್ತಲೆ” ಎಂದಳು. ಇದೆ. ಬಸ್ರೂರು, ಬಾರ್ಕೂರು ಸುತ್ತಮುತ್ತ ತೋಟದ ಅಂಚಿನಲ್ಲಿ, ಕೆರೆಯ ದಂಡೆಯಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಶಾಸನದ ತುಂಡು ಎಷ್ಟೋ. ಆಳುಪರ ರಾಜಧಾನಿಯಾಗಿದ್ದ ಬಾರ್ಕೂರಿನಲ್ಲಿ ಪಾಯ ತೋಡುವವರಿಗೆ ಇತಿಹಾಸ ಅಡ್ಡ ಬರುತ್ತದೆ. ಯುದ್ಧದಲ್ಲಿ ಸತ್ತು ಸ್ವರ್ಗಕ್ಕೆ ಹೋದ ವೀರನ ಬೆನ್ನ ಮೇಲೆ ಸೋಪು ತಿಕ್ಕಿ ಬಟ್ಟೆ ಒಗೆಯುವುದನ್ನು ನಮ್ಮ ಕಡೆ ಯಾರೂ ಅಪಚಾರವೆಂದು ತಿಳಿದಿಲ್ಲ. ವೀರ ಅಡಿಮುಖವಾಗಿ ಮಲಗಿರುತ್ತಾನೆ, ಕಲ್ಲು ನುಣ್ಣಗಿರುತ್ತದೆ, ಅಷ್ಟೇ.

ಮೂಗಿನ ವಿಚಾರದಲ್ಲಿ ರೋಮಿಗೂ ನಮಗೂ ದೊಡ್ಡ ವ್ಯತ್ಯಾಸವಿದೆ. ಹದಿನೇಳನೇ ಶತಮಾನದ ರೋಮಿನಲ್ಲಿ ಹಳೆಯ ಶಿಲ್ಪ ನೆಲದಿಂದ ಎದ್ದು ಬಂದರೆ ಶ್ರೀಮಂತರು ಶಿಲ್ಪಿಯನ್ನು ಕರೆಸಿ ಹೊಸ ಮೂಗು, ಹೊಸ ತೋಳು ಹಚ್ಚಿಸುತ್ತಿದ್ದರು. ಬೆರ್ನೀನಿಯೂ ಇಂಥ ರಿಪೇರಿ ಮಾಡಿದ್ದಾನೆ. ಮಲಗಿದ ಪುರಾತನ ವಿಗ್ರಹವೊಂದಕ್ಕೆ ಕಲ್ಲಿನಲ್ಲೇ ಮೆತ್ತೆ ಕೆತ್ತಿಕೊಟ್ಟಿದ್ದಾನೆ. ನಮ್ಮಲ್ಲಿ ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ, ರಿಪೇರಿಯೂ ಇಲ್ಲ. ನೀರಿಗೆ ಬಿಡುವುದು. ಹೊಸದನ್ನು ಮಾಡಿಸುವುದು. ನಮ್ಮ ಹೊಳೆ, ಕೆರೆಗಳ ತಳದಲ್ಲಿ ಎಷ್ಟು ದೇವರು ಕೂತಿದ್ದಾರೋ. ಬಲೆಗೆ ಒಮ್ಮೊಮ್ಮೆ ಸಿಕ್ಕುತ್ತಾರೆ ಕೂಡ. ಆ ಲೆಕ್ಕದಲ್ಲಿ ಸಂಗ್ರಹಾಲಯವೆಂದರೆ ನೀರಿಗೆ ಹೋಗುವ ದಾರಿಯಲ್ಲಿ ತಪ್ಪಿಸಿಕೊಂಡ ದೇವರುಗಳ ಮನೆ. ಪೂಜೆಯೂ ಇಲ್ಲದೆ ಮುಳುಗಡೆಯೂ ಇಲ್ಲದೆ ನೆರಳಲ್ಲಿ ಕೂತಿದ್ದಾರೆ. ಜೀವನದಲ್ಲಿ ಮೊದಲ ಸಲ ಯಾರೋ ಅವರ ಸೊಂಟಪಟ್ಟಿಯ ಕೆತ್ತನೆ ನೋಡುತ್ತಿದ್ದಾರೆ. ಅಲ್ಲಿಯವರೆಗೆ ಅದು ಗಂಧ, ಎಣ್ಣೆ, ಪಟ್ಟೆಬಟ್ಟೆಗಳ ಅಡಿಯಲ್ಲಿತ್ತು.

ಪೂಜೆಯೂ ಇದ್ದು ಕಲೆಯೂ ಕಾಣುವ ಜಾಗ ಕದ್ರಿ. ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಮಾಡಿಸಿದ ಕಂಚಿನ ಲೋಕೇಶ್ವರ ಅಲ್ಲಿದ್ದಾನೆ. ಮೂರು ಮುಖ, ಆರು ಕೈ, ಪೀಠದ ಮೇಲೆ ಶಾಸನ. ಇಂಥ ಕಂಚು ದಕ್ಷಿಣದಲ್ಲಿ ಅಪರೂಪ. ಜನ ಅವನ ಪಕ್ಕದಲ್ಲೇ ಹಾದು ಮಂಜುನಾಥನ ಮಂಗಳಾರತಿಗೆ ಓಡುತ್ತಿದ್ದರು. ಚಿಕ್ಕಮ್ಮನೂ ಓಡಿದಳು. ನಾನು ಲೋಕೇಶ್ವರನ ಹತ್ತಿರ ಉಳಿದೆ, ಪ್ರಸಾದ ತಪ್ಪಿತು.

ಮಧ್ಯಾಹ್ನದ ಊಟದ ಬಗ್ಗೆ ಹೆಚ್ಚು ಹೇಳುವುದು ಬೇಡ. ಕಡಲ ಬದಿಯವರನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮೀನು ತಿನ್ನಿಸಬಾರದು. ಬಂಗ್ಡೆಯ ಕಣ್ಣು ನೋಡಿಯೇ ಅದು ಯಾವತ್ತು ದಡ ಮುಟ್ಟಿತೆಂದು ಹೇಳುವವಳು ಆಕೆ. ವಿಗ್ರಹದ ಚೀಟಿಯಲ್ಲಿ ಶತಮಾನ ಬರೆದಿದ್ದಂತೆ ಮೀನಿನ ತಟ್ಟೆಯಲ್ಲೂ ಬರೆದಿಡಬೇಕಿತ್ತು ಎಂದು ಗಟ್ಟಿಯಾಗಿಯೇ ಹೇಳಿದಳು.

ಬಾವುಟಗುಡ್ಡೆ ಹತ್ತಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಹೋದದ್ದು ಊಟದ ಮೇಲೆ. ಅಲ್ಲೇ ಅಲೋಶಿಯಂ ಎಂಬ ಸಂಗ್ರಹಾಲಯವೂ ಇದೆ, 1913ರದ್ದು. ಮಂಗಳೂರಿನ ರಸ್ತೆಗಿಳಿದ ಮೊದಲ ಕಾರು ಅದರಲ್ಲಿ ವಿಶ್ರಾಂತಿ ಪಡೆಯುತ್ತಿದೆ. ಆದರೆ ಕಣ್ಣು ಹೋಗಿ ಕೂರುವುದು ಚಾಪೆಲಿನಲ್ಲೇ. 1880ರ ದಶಕದಲ್ಲಿ ಕಟ್ಟಿದ ಕಟ್ಟಡ. ಹೊರಗಿನಿಂದ ಅಂಥ ಆರ್ಭಟವೇನಿಲ್ಲ. ಬಾಗಿಲು ದಾಟಿದರೆ ಗೋಡೆ, ಕಮಾನು, ಮಾಡು ಎಲ್ಲ ಕಡೆ ಚಿತ್ರ. ಬಿಟ್ಟ ಜಾಗವೇ ಇಲ್ಲ. ಬರೆದವನು ಆಂತೋನಿಯೋ ಮೊಸ್ಕೇನಿ. ಉತ್ತರ ಇಟಲಿಯ ಬೆರ್ಗಾಮೋ ಹತ್ತಿರದ ಸ್ಟೆಜ್ಜಾನೋದಲ್ಲಿ 1854ರಲ್ಲಿ ಹುಟ್ಟಿ, ಚಿತ್ರಕಲೆ ಕಲಿತು, ಮೂವತ್ತೈದರ ವಯಸ್ಸಿನಲ್ಲಿ ಜೆಸುಯಿಟ್ ಸಭೆಗೆ ಸೇರಿದವನು. ಪಾದ್ರಿಯಲ್ಲ, ಬ್ರದರ್. 1899ರಲ್ಲಿ ಮಂಗಳೂರಿಗೆ ಬಂದು, 1901ರ ಹೊತ್ತಿಗೆ ಸುಮಾರು 829 ಚದರ ಮೀಟರು ಜಾಗ ತುಂಬಿಸಿದ. 1905ರಲ್ಲಿ ಕೊಚ್ಚಿಯಲ್ಲಿ ಇನ್ನೊಂದು ಇಗರ್ಜಿಗೆ ಬಣ್ಣ ಹಚ್ಚುತ್ತಿದ್ದಾಗ ಆಮಶಂಕೆಯಿಂದ ತೀರಿಕೊಂಡ. ಐವತ್ತೊಂದು ವರ್ಷ.

ಚಿಕ್ಕಮ್ಮ ಇಲ್ಲೂ ಚಪ್ಪಲಿ ಬಿಟ್ಟಳು. ಇಲ್ಲಿ ಚೀಲದಲ್ಲಿ ಕಟ್ಟಿಕೊಳ್ಳಲಿಲ್ಲ, ಧೈರ್ಯವಾಗಿ ಮೆಟ್ಟಿಲ ಬದಿಗಿಟ್ಟಳು. ನಾವು ಹೊರಗೆ ಬರುವಷ್ಟರಲ್ಲಿ ಅದರ ಪಕ್ಕ ಇನ್ನೂ ಹತ್ತಾರು ಜೊತೆ ಸೇರಿದ್ದವು. ಹಿಂದಿನಿಂದ ಬಂದವರು ಇದೇ ಇಲ್ಲಿಯ ನಿಯಮವಿರಬೇಕೆಂದು ಒಬ್ಬರನ್ನು ನೋಡಿ ಒಬ್ಬರು ಬಿಟ್ಟಿದ್ದರು.

ಒಳಗೆ ಆಕೆಯ ಕಣ್ಣು ಸಂತರ ಮೇಲೆ ಹೋಗಲಿಲ್ಲ. ಚಿತ್ರಗಳ ಸುತ್ತ ಇರುವ ಕೆತ್ತನೆಯ ಚೌಕಟ್ಟು, ಕಂಬದ ತಲೆ, ಹೂಬಳ್ಳಿಯ ಪಟ್ಟಿ, ಇವುಗಳ ಮೇಲೆ ಹೋಯಿತು. ಕಣ್ಣು ಕಿರಿದು ಮಾಡಿದಳು. ಮುಟ್ಟಬಾರದು ಎಂದು ನಾನು ಮೊದಲೇ ಹೇಳಿದ್ದೆ. ಮುಟ್ಟಲಿಲ್ಲ. ನಿಂತಲ್ಲೇ ಎರಡು ಹೆಜ್ಜೆ ಎಡಕ್ಕೆ ಸರಿದಳು, ಮತ್ತೆ ಬಲಕ್ಕೆ ಸರಿದಳು. ಆಮೇಲೆ ನನ್ನ ಕಿವಿಯಲ್ಲಿ, “ಇದ್ ಕೆತ್ತದ್ದಲ್ಲ, ಬರ್ದದ್” ಎಂದಳು. ಹೌದು. ನಿಜವಾದ ಉಬ್ಬುಕೆತ್ತನೆಯಾದರೆ ನಾವು ಸರಿದಂತೆ ಅದರ ಬದಿಗಳು ಕಾಣಿಸುತ್ತ ಮರೆಯಾಗುತ್ತ ಹೋಗಬೇಕು. ಬರೆದದ್ದು ಅಲುಗುವುದಿಲ್ಲ. ಕಲಾಶಾಲೆಯಲ್ಲಿ ಪಾಠ ಮಾಡಿ ತಿಳಿಸುವುದನ್ನು ಆಕೆ ಕುತ್ತಿಗೆ ಅಲ್ಲಾಡಿಸಿ ಕಂಡುಹಿಡಿದಿದ್ದಳು. ಇಂಥ ಚಿತ್ರಕಾರರ ಗುಟ್ಟು ಇರುವುದು ನೆರಳಿನಲ್ಲಿ. ಕಟ್ಟಡದ ನಿಜವಾದ ಕಿಟಕಿ ಯಾವ ಕಡೆಗಿದೆ ಎಂದು ನೋಡಿಕೊಂಡು, ಬೆಳಕು ಅಲ್ಲಿಂದಲೇ ಬಂದು ಬಿದ್ದಂತೆ ಸುಳ್ಳು ಕೆತ್ತನೆಗೆ ನೆರಳು ಹಾಕುತ್ತಾರೆ. ಅಷ್ಟಾದರೆ ಕಣ್ಣು ತಾನಾಗಿ ಮೋಸಹೋಗಲು ಒಪ್ಪಿಕೊಳ್ಳುತ್ತದೆ. “ಕಳ್ಳ! ಎಷ್ಟ್ ಚಂದ ಮೋಸ ಮಾಡಿದ ಕಾಣ್” ಎಂದಳು ಚಿಕ್ಕಮ್ಮ. ಮೊಸ್ಕೇನಿಗೆ ನೂರು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶಸ್ತಿಪತ್ರ ಸಿಕ್ಕಿರಲಾರದು.

ಈ ಕಳ್ಳತನಕ್ಕೆ ದೊಡ್ಡ ಗುರುಪರಂಪರೆಯಿದೆ. ಆಂದ್ರೆಯಾ ಪೊಜ್ಜೊ, ಅವನೂ ಜೆಸುಯಿಟ್ ಬ್ರದರನೇ, ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿಯಲ್ಲಿ 1685ರಲ್ಲಿ ಗುಮ್ಮಟವೇ ಇಲ್ಲದ ಕಡೆ ಚಪ್ಪಟೆ ಕ್ಯಾನ್ವಾಸಿನ ಮೇಲೆ ಗುಮ್ಮಟ ಬರೆದು ಮೇಲೆ ಕೂರಿಸಿದ. ಮಾಡಿನ ಮೇಲೆ ಆಕಾಶವನ್ನೇ ತೆರೆದಿಟ್ಟ. ಅದು ಸರಿಯಾಗಿ ಕಾಣಬೇಕಾದರೆ ಎಲ್ಲಿ ನಿಲ್ಲಬೇಕೆಂದು ನೆಲದಲ್ಲಿ ಒಂದು ಬಿಲ್ಲೆ ಹಾಕಿದೆ. ಅದರಿಂದ ಆಚೆ ಸರಿದಿರೋ, ಕಂಬಗಳೆಲ್ಲ ವಾಲುತ್ತವೆ. ಭಕ್ತ ಎಲ್ಲಿ ನಿಲ್ಲಬೇಕೆಂಬುದನ್ನು ದೇವರಲ್ಲ, ಚಿತ್ರಕಾರ ನಿಶ್ಚಯಿಸಿದ ಕಾಲ ಅದು. ಬರೋಕ್ ಎನ್ನುತ್ತಾರೆ. ಮೊಸ್ಕೇನಿ ಕಾಲಮಾನದಲ್ಲಿ ಅವರಿಗಿಂತ ಇನ್ನೂರು ವರ್ಷ ಈಚಿನವನು, ಸ್ವಭಾವದಲ್ಲಿ ಅವರ ಮನೆಯವನೇ.

ಬರೋಕ್ ಎಂದರೆ ಎಂತದು ಎಂದು ಚಿಕ್ಕಮ್ಮ ಕೇಳಿಯೇ ಕೇಳಿದಳು. ಬೆಂಚಿನ ಮೇಲೆ ಕೂತು ಯೋಚಿಸಿದೆ. ಮಾರಣಕಟ್ಟೆ ಮೇಳದವರ ಬಯಲಾಟದಲ್ಲಿ ನಡುರಾತ್ರಿ ಬಣ್ಣದ ವೇಷದ ಒಡ್ಡೋಲಗ ನೆನಪಿದೆಯಲ್ಲ? ತೆರೆಯ ಹಿಂದಿನಿಂದ ಆರ್ಭಟ ಮೊದಲು ಬರುತ್ತದೆ, ಆಮೇಲೆ ಕಿರೀಟದ ತುದಿ, ಚಂಡೆ ಏರುತ್ತದೆ, ತೆರೆ ಒಮ್ಮೆ ತಗ್ಗುತ್ತದೆ, ಮತ್ತೆ ಮುಚ್ಚುತ್ತದೆ, ದೀವಟಿಗೆಯ ಬೆಳಕು ಒಂದೇ ಕೆನ್ನೆಗೆ ಬಿದ್ದು ಇನ್ನರ್ಧ ಮುಖ ಕತ್ತಲಲ್ಲಿರುತ್ತದೆ, ಮಡಿಲಲ್ಲಿದ್ದ ಮಗು ಚೀರುತ್ತದೆ. ಪೂರ್ತಿ ಕಾಣಿಸಿಕೊಳ್ಳುವ ಮೊದಲೇ ನಾವು ಸೋತಿರುತ್ತೇವೆ. ಅದು. “ಅದನ್ನ್ ಮೊದ್ಲೇ ಹೇಳುಕಾಗ್ದಾ?” ಎಂದು ಗದರಿದಳು. ಅಲ್ಲಿಂದ ಮುಂದೆ ಆಕೆ ಮಾಡನ್ನು ನೋಡಿದ್ದೇ ಬೇರೆ ಬಗೆಯಲ್ಲಿ. ಕಿರಿವಯಸ್ಸಿನ ರಾಜಕುಮಾರ ಅಲೋಶಿಯಸ್ ಅರಮನೆ ಬಿಟ್ಟು ಬರುವುದು, ಪ್ಲೇಗು ರೋಗಿಗಳ ಸೇವೆಗೆ ನಿಲ್ಲುವುದು. ಪ್ರಸಂಗ ಗೊತ್ತಾದವಳ ಹಾಗೆ ಒಂದೊಂದನ್ನೇ ಓದಿಕೊಂಡು ಹೋದಳು. ಇಪ್ಪತ್ತಮೂರಕ್ಕೇ ಸತ್ತ ಎಂದಾಗ, ಮನೆಯವರ ಹುಡುಗನ ಸುದ್ದಿ ಕೇಳಿದಂತೆ ‘ಅಯ್ಯಬ್ಬ’ ಎಂದಳು.

ಗೋಡೆಯ ಬಣ್ಣ ಇಷ್ಟು ವರ್ಷವಾದರೂ ಏಕೆ ಉದುರಿಲ್ಲ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಆಕೆಗೇ ಗೊತ್ತಿತ್ತು. ಫ್ರೆಸ್ಕೊ ಎಂದರೆ ಸುಣ್ಣದ ಗಾರೆ ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು. ಗಾರೆ ಒಣಗುತ್ತ ಗಾಳಿ ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಅದರೊಳಗೆ ಸಿಕ್ಕಿಬೀಳುತ್ತದೆ. ಅವತ್ತು ಎಷ್ಟು ಬರೆಯಬಲ್ಲೆನೋ ಅಷ್ಟೇ ಗಾರೆ ಮೆತ್ತಬೇಕು. ಚಿಪ್ಪಿ ಸುಟ್ಟು ಸುಣ್ಣ ಮಾಡುವುದನ್ನು ಕಂಡು ಬೆಳೆದವಳಿಗೆ ಇದರಲ್ಲಿ ಹೊಸತೇನಿಲ್ಲ. ಆಕೆಯ ಚಿಂತೆ ಮಳೆಗಾಲದ್ದು. ನಮ್ಮ ಆಷಾಢದಲ್ಲಿ ಹಸಿಗೋಡೆ ಒಣಗುವುದೆಂದರೇನು! ಇಟಲಿಯಿಂದ ಬಂದವನು ಮೊದಲ ಜೂನ್ ತಿಂಗಳಲ್ಲಿ ಬಾವುಟಗುಡ್ಡೆಯ ಮೇಲೆ ನಿಂತು ಏನೆಂದುಕೊಂಡನೋ. ಮಾಡಿನ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಕರಾವಳಿಯ ತೇವಕ್ಕೆ ಅವೂ ಗೋಡೆಯವೂ ಸೊರಗಿ, 1990ರ ದಶಕದ ಆರಂಭದಲ್ಲಿ ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕಿನವರು ಬಂದು ಜೀರ್ಣೋದ್ಧಾರ ಮಾಡಬೇಕಾಯಿತು.

ವಾಪಸು ಬಸ್ಸಿನಲ್ಲಿ ನಾನು ಬಾಯಿ ತಪ್ಪಿ ಮೆಕ್ಕೆಕಟ್ಟಿನ ಸುದ್ದಿ ತೆಗೆದೆ. ಬ್ರಹ್ಮಾವರ ತಾಲೂಕಿನ ಶಿರಿಯಾರದ ಮೆಕ್ಕೆಕಟ್ಟು ನಂದಿಕೇಶ್ವರನ ಗುಡಿಯಲ್ಲಿ ಮರದ ದೈವಮೂರ್ತಿಗಳು ನೂರಕ್ಕೂ ಮಿಕ್ಕಿ. ಆಳೆತ್ತರದವು, ಕೆಂಪು ಮೈ, ಕಣ್ಣು ಹೊರಗೆ. ಅಲ್ಲಿ ಯಾವ ಇಟಲಿಯವನೂ ಬೇಡ, ಬರೋಕ್ ನೆಲದಿಂದಲೇ ಎದ್ದು ಬಂದಿದೆ. ಈಗಿರುವವು ಹೊಸತು. ಹಳೆಯ ಮೂರ್ತಿಗಳನ್ನು ಬದಲಿಸಿದಾಗ ಎಷ್ಟೋ ಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ಅದರ ಹುಟ್ಟಿಗೆ ಕಾರಣರಾದವರು ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯ. ಪ್ರಗತಿ ಮೈದಾನದ ಹತ್ತಿರ, ಭೈರೋನ್ ಮಾರ್ಗದಲ್ಲಿ ಇದೆ. ನಮ್ಮ ದೈವಗಳು ಉತ್ತರಕ್ಕೆ ಹೋಗಿಯೂ ಭೈರವನ ರಸ್ತೆಯಲ್ಲೇ ಮನೆ ಹಿಡಿದಿವೆ.

ಚಿಕ್ಕಮ್ಮ ಬೆಳಗಿನಿಂದ ನೋಡಿದ್ದೆಲ್ಲ ಮರೆತು ಸೆಟೆದು ಕೂತಳು. ಅಲ್ಲಿ ಅವುಗಳಿಗೆ ಹೂವು ಹಾಕುವವರು ಯಾರು? ಸಂಕ್ರಮಣಕ್ಕೆ ಏನು ಕೊಡುತ್ತಾರೆ? ಚಳಿಗೆ ಏನು ಹೊದಿಸುತ್ತಾರೆ? ಸಂಗ್ರಹಾಲಯದಲ್ಲಿ ಹೂವು, ಹಣ್ಣುಕಾಯಿ ಇಲ್ಲ, ಮುಟ್ಟುವ ಹಾಗಿಲ್ಲ, ನೋಡುವುದು ಮಾತ್ರ ಎಂದೆ. ಹಳೆಯ ಮೂರ್ತಿಯಿಂದ ಶಕ್ತಿಯನ್ನು ಹೊಸದಕ್ಕೆ ಇಳಿಸಿಕೊಂಡ ಮೇಲೆ ಉಳಿಯುವುದು ಬರೀ ಮರ ಎಂದೂ ಶಾಸ್ತ್ರ ಹೇಳಿ ನೋಡಿದೆ. ನಮ್ಮ ಎದುರಿನ ಸೀಟಿನಲ್ಲಿದ್ದ ಬ್ರಹ್ಮಾವರದ ಹೆಂಗಸು ತಿರುಗಿ ಚಿಕ್ಕಮ್ಮನ ಪಕ್ಷ ಸೇರಿದಳು. ಮರವಾದರೂ ನಮ್ಮ ಊರಿನ ಹಲಸಲ್ಲವೇ ಎಂದು ಆಕೆಯ ವಾದ. ಕಂಡಕ್ಟರು ಚಿಲ್ಲರೆ ಕೊಡುತ್ತ, ತಾನು ದೆಹಲಿಯಲ್ಲಿ ಅವುಗಳನ್ನು ನೋಡಿದ್ದೇನೆ, ಚೆನ್ನಾಗಿ ಇಟ್ಟಿದ್ದಾರೆ, ಧೂಳಿಲ್ಲ ಎಂದ. ಅವನು ದೆಹಲಿಗೆ ಯಾಕೆ ಹೋಗಿದ್ದ ಎಂಬ ವಿಚಾರಣೆ ಸಾಲಿಗ್ರಾಮದವರೆಗೆ ನಡೆಯಿತು.

ಕೋಟೇಶ್ವರ ದಾಟುವಾಗ ಚಿಕ್ಕಮ್ಮ ಕೇಳಿದಳು, “ದೆಲ್ಲಿಗ್ ಯಾವ್ ರೈಲ್ ಮಗಾ?” ಉಡುಪಿಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ನೇರ ನಿಜಾಮುದ್ದೀನ್ ಎಂದೆ. ಒಳಗೆ ಹೋಗಲು ಚೀಟಿ ತೆಗೆಯಬೇಕೇ ಎಂದು ಕೇಳಿದಳು. ಹೌದು ಎಂದೆ. “ನಮ್ ದೇವ್ರನ್ ಕಾಂಬುಕೆ ನಾವೇ ದುಡ್ ಕೊಡ್ಕಾ? ನೀ ಒಂದ್ ಕಾಗ್ದ ಬರಿ ಅವ್ರಿಗೆ. ಶಿರಿಯಾರದ್ ಬದಿಯವ್ರ್ ಬತ್ತ್ರ್, ನೆಂಟ್ರ್ ಅಂದೇಳಿ.”